ಬರೆಯಲಾಗದಷ್ಟು ಹೆಸರುಗಳು: ಕೊಲಾಬಾದ ಅಫ್ಘನ್ ಚರ್ಚು

ಮುಂಬಯಿಗೆ ಹೋದವರು ಗೇಟ್‌ವೇ ಆಫ್ ಇಂಡಿಯಾ ನೋಡುತ್ತಾರೆ, ತಾಜ್ ಹೋಟೆಲ್ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ, ಹಾಜಿ ಅಲಿಗೆ ಹೋಗಿ ಬರುತ್ತಾರೆ. ಇನ್ನೊಂದು ಅರ್ಧ ದಿನ ಕೈಯಲ್ಲಿದ್ದರೆ ಒಂದು ಕೆಲಸ ಮಾಡಿ. ಕೊಲಾಬಾದಿಂದ ನೇವಿ ನಗರದ ಕಡೆ ಹೋಗುವ ಯಾವುದಾದರೂ ಬೆಸ್ಟ್ ಬಸ್ಸು ಹತ್ತಿ. ಸಸೂನ್ ಡಾಕ್‌ನ ಮೀನಿನ ವಾಸನೆ ದಾಟಿದ ಮೇಲೆ ಊರಿನ ಗದ್ದಲ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ. ರಸ್ತೆಯ ಎರಡೂ ಕಡೆ ದೊಡ್ಡ ಮರಗಳು, ಸೈನ್ಯದವರ ಕಾಂಪೌಂಡುಗಳು. ಕಂಡಕ್ಟರ್ "ಅಫ್ಘನ್ ಚರ್ಚ್" ಅಂತ ಕೂಗಿದಲ್ಲಿ ಇಳಿಯಿರಿ.

ಹೆಸರು ಕೇಳಿದ ಕೂಡಲೇ ನಮ್ಮಲ್ಲಿ ಅನೇಕರಿಗೆ ಅನುಮಾನ ಬರುತ್ತದೆ. ಅಫ್ಘನ್ನರದ್ದು ಚರ್ಚು ಹೇಗೆ? ಅವರು ಮುಸ್ಲಿಮರಲ್ಲವೇ? ಅಫ್ಘಾನಿಸ್ತಾನದಿಂದ ಬಂದ ಕ್ರೈಸ್ತರು ಕಟ್ಟಿದ್ದಿರಬಹುದೇ? ಅಲ್ಲ. ಈ ಚರ್ಚಿನ ನಿಜವಾದ ಹೆಸರು ಸಂತ ಯೋಹಾನರ ಚರ್ಚು, ಅಂದರೆ ಸೇಂಟ್ ಜಾನ್ ದಿ ಇವ್ಯಾಂಜೆಲಿಸ್ಟ್. ಅಫ್ಘನ್ನರ ವಿರುದ್ಧ ಹೋರಾಡಿ ಸತ್ತ ಕಂಪೆನಿ ಸರಕಾರದ ಸೈನಿಕರ ನೆನಪಿಗೆ ಬ್ರಿಟಿಷರು ಇದನ್ನು ಕಟ್ಟಿದರು. ಜನರ ಬಾಯಲ್ಲಿ ಸಂತನ ಹೆಸರು ಬಿದ್ದುಹೋಗಿ ಶತ್ರುವಿನ ಹೆಸರು ಉಳಿಯಿತು! ಯಾರ ಮೇಲೆ ದಂಡೆತ್ತಿ ಹೋದರೋ ಅವರ ಹೆಸರಿನಿಂದಲೇ ಇವತ್ತಿಗೂ ಚರ್ಚನ್ನು ಕರೆಯುತ್ತಾರೆ. ಇತಿಹಾಸ ಕೆಲವೊಮ್ಮೆ ಹೀಗೂ ನಗುತ್ತದೆ.

ಮೊದಲು ಹೊರಗೆ ನಿಂತು ನೋಡಿ. ಎದ್ದು ಕಾಣುವುದು ಗೋಪುರ. ಸುಮಾರು 60 ಮೀಟರ್, ಹಳೆಯ ಲೆಕ್ಕದಲ್ಲಿ 198 ಅಡಿ. ಈ ಎತ್ತರಕ್ಕೆ ಭಕ್ತಿಯೊಂದೇ ಕಾರಣವಲ್ಲ. ಸರಕಾರ ಜಾಗ ಕೊಡುವಾಗಲೇ ಒಂದು ಷರತ್ತು ಹಾಕಿತ್ತು: ಬಂದರಿಗೆ ಬರುವ ಹಡಗುಗಳಿಗೆ ದೂರದಿಂದಲೇ ಕಾಣುವಂಥ ಗೋಪುರ ಇರಬೇಕು. ಕಟ್ಟಡ ದೇವರಿಗೆ, ಗೋಪುರ ನಾವಿಕರಿಗೆ. ಆಗ ಕೊಲಾಬಾ ದ್ವೀಪ ಮುಂಬಯಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನಡುವಿನ ಕಾಸ್‌ವೇ ರಸ್ತೆ ಆದದ್ದೇ 1838ರಲ್ಲಿ. ಅದೇ ವರ್ಷ ಅಫ್ಘಾನಿಸ್ತಾನಕ್ಕೆ ದಂಡು ಹೊರಟದ್ದು ಎಂಬುದನ್ನು ನೆನಪಿಡಿ.

ಚರ್ಚಿಗೆ ಅಸ್ತಿವಾರದ ಕಲ್ಲು ಬಿದ್ದದ್ದು 4 ಡಿಸೆಂಬರ್ 1847ರಂದು. ನಕ್ಷೆ ಮಾಡಿದವನು ಹೆನ್ರಿ ಕಾನಿಬೇರ್, ಮುಂಬಯಿಯ ಎಂಜಿನಿಯರ್. ಕೆಲಸ ಮುಗಿದು ಬಿಷಪ್ ಹಾರ್ಡಿಂಗ್ ಚರ್ಚನ್ನು ಪ್ರತಿಷ್ಠೆ ಮಾಡಿದ್ದು 7 ಜನವರಿ 1858ರಂದು. ಗೋಪುರದ ತುದಿ ಮಾತ್ರ ಆಗಲೂ ಬಾಕಿ ಇತ್ತು. ಅದು ಪೂರ್ತಿಯಾದದ್ದು 1865ರಲ್ಲಿ. ಅದಕ್ಕೆ ದುಡ್ಡು ಕೊಟ್ಟವರಲ್ಲಿ ಪಾರ್ಸಿ ಶ್ರೀಮಂತ ಕಾವಸ್‌ಜಿ ಜಹಾಂಗೀರ್ ರೆಡಿಮನಿ ಒಬ್ಬರು. ಆಂಗ್ಲರ ಚರ್ಚಿನ ಗೋಪುರಕ್ಕೆ ಅಗ್ನಿಪೂಜಕರ ಹಣ. ಮುಂಬಯಿ ಎಂದರೆ ಅದೇ ಅಲ್ಲವೇ?

ಈಗ ಕಲ್ಲು ನೋಡಿ. ಶೈಲಿ ಇಂಗ್ಲೆಂಡಿನ ಹಳೆಯ ಗೋಥಿಕ್, ಅಂದರೆ ಅಲ್ಲಿ 13ನೇ ಶತಮಾನದಲ್ಲಿ ಕಟ್ಟುತ್ತಿದ್ದ ಹಳ್ಳಿ ಪಟ್ಟಣಗಳ ಚರ್ಚುಗಳ ಮಾದರಿ. ಆದರೆ ಕಲ್ಲು ಇಲ್ಲಿಯದ್ದೇ, ಈ ಕಡೆಯ ಬಸಾಲ್ಟು ಮತ್ತು ಸುಣ್ಣಕಲ್ಲು. ಇಂಗ್ಲೆಂಡಿನ ನಕ್ಷೆಯನ್ನು ಮುಂಬಯಿಯ ಮಳೆ, ಬಿಸಿಲು, ಉಪ್ಪುಗಾಳಿಗೆ ತಡೆಯುವ ಕಲ್ಲಿನಲ್ಲಿ ಈ ನೆಲದ ಕೂಲಿಕಾರರೇ ಕಟ್ಟಿ ನಿಲ್ಲಿಸಿದರು. ಮುಂದೆ ವಿಕ್ಟೋರಿಯಾ ಟರ್ಮಿನಸ್, ಹೈಕೋರ್ಟು, ವಿಶ್ವವಿದ್ಯಾಲಯ ಎಲ್ಲಕ್ಕೂ 'ಬಾಂಬೆ ಗೋಥಿಕ್' ಎಂಬ ಹೆಸರು ಬಂತಲ್ಲ, ಅದಕ್ಕಿಂತ ಮೊದಲಿನ ಹೆಜ್ಜೆ ಇದು.

ಒಳಗೆ ಹೋಗಿ. ಮೊದಲು ಕಣ್ಣು ಮೇಲಕ್ಕೆ ಹೋಗುತ್ತದೆ, ಹೋಗಲಿ. ಅಗಲವಾದ ಚೂಪು ಕಮಾನುಗಳು ಸಾಲಾಗಿ ನಿಂತಿವೆ. ಪೂರ್ವ ಮತ್ತು ಪಶ್ಚಿಮದ ಗೋಡೆಗಳಲ್ಲಿ ಬಣ್ಣದ ಗಾಜಿನ ಕಿಟಕಿಗಳು. ಅವು ಇಂಗ್ಲೆಂಡಿನ ವಿಲಿಯಂ ವೇಲ್ಸ್ ಎಂಬವನ ಕೆಲಸ. ಗಾಢ ಬಣ್ಣಗಳಿಗೆ ಅವನು ಆ ಕಾಲದಲ್ಲಿ ಹೆಸರುವಾಸಿ. ಗೋಪುರದಲ್ಲಿ ಎಂಟು ಗಂಟೆಗಳಿವೆ, ಅವು 1904ರಲ್ಲಿ ಇಂಗ್ಲೆಂಡಿನಿಂದ ಬಂದವು.

ಆಮೇಲೆ ಕಣ್ಣು ಕೆಳಗಿಳಿಸಿ ನೆಲ ನೋಡಿ. ಬಹಳ ಜನ ಇದನ್ನು ತುಳಿದುಕೊಂಡು ಹೋಗುತ್ತಾರೆ, ನೋಡುವುದಿಲ್ಲ. ವಿಲಿಯಂ ಬಟರ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಹೆಂಚುಗಳನ್ನು ಇಂಗ್ಲೆಂಡಿನಿಂದ ತರಿಸಿ ಜೋಡಿಸಿದ್ದಾರೆ. ನಮ್ಮ ಮನೆಗಳಲ್ಲಿ 'ಮೊಸಾಯಿಕ್' ಅಂತ ಕರೆಯುತ್ತೇವಲ್ಲ, ಸಿಮೆಂಟಿನಲ್ಲಿ ಕಲ್ಲಿನ ಚೂರು ಸೇರಿಸಿ ಉಜ್ಜಿದ ನೆಲ, ಅಂಥದ್ದಲ್ಲ ಇದು. ಚೌಕ, ತ್ರಿಕೋನ, ವಜ್ರಾಕಾರದ ಸಣ್ಣ ಸಣ್ಣ ತುಂಡುಗಳನ್ನು ಲೆಕ್ಕಾಚಾರದಿಂದ ಜೋಡಿಸಿ ಮಾಡಿದ ರೇಖಾಗಣಿತದ ಚಿತ್ತಾರ. ಆ ಕಾಲದ ಇಂಗ್ಲೆಂಡಿನ ಹೆಂಚು ಕಾರ್ಖಾನೆಗಳು ಮಧ್ಯಯುಗದ ಒಂದು ಮರೆತುಹೋದ ವಿದ್ಯೆಗೆ ಮತ್ತೆ ಜೀವ ಕೊಟ್ಟಿದ್ದವು. ಚಿತ್ರವನ್ನು ಮೇಲೆ ಬಳಿಯುವುದಲ್ಲ, ಬೇರೆ ಬೇರೆ ಬಣ್ಣದ ಜೇಡಿಯನ್ನೇ ಒಂದರೊಳಗೊಂದು ತುಂಬಿ ಸುಡುವುದು. ಮೇಲೆ ಸವೆದರೂ ಚಿತ್ರ ಹೋಗುವುದಿಲ್ಲ, ಯಾಕೆಂದರೆ ಬಣ್ಣ ಆಳದವರೆಗೂ ಇದೆ.

ಇಲ್ಲಿ ಸ್ವಲ್ಪ ನಿಲ್ಲಿ. ಈ ಕಮಾನು, ಈ ನೆಲ ನಿಮಗೆ ಎಲ್ಲೋ ನೋಡಿದ ಹಾಗೆ ಅನಿಸುವುದಿಲ್ಲವೇ? ಬಿಜಾಪುರದ ಜಾಮಿಯಾ ಮಸೀದಿಯಲ್ಲಿ ನಿಂತವರಿಗೆ ಚೂಪು ಕಮಾನು ಹೊಸದಲ್ಲ. ಯುರೋಪಿನಲ್ಲಿ ಗೋಥಿಕ್ ಶೈಲಿ ಶುರುವಾದದ್ದು 12ನೇ ಶತಮಾನದಲ್ಲಿ. ಕೈರೋದ ಇಬ್ನ್ ತುಲೂನ್ ಮಸೀದಿ ಮುಗಿದದ್ದು 879ರಲ್ಲಿ, ಅದರ ಕಮಾನುಗಳೆಲ್ಲ ಚೂಪೇ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿದ ಕ್ರಿಸ್ಟೋಫರ್ ರೆನ್‌ನಂಥವನೇ ಗೋಥಿಕ್ ಎನ್ನುವುದಕ್ಕಿಂತ ಇದನ್ನು ಸಾರಸೆನಿಕ್, ಅಂದರೆ ಮುಸ್ಲಿಮರ ಶೈಲಿ ಎನ್ನುವುದೇ ಸರಿ ಎಂದು ಅಭಿಪ್ರಾಯಪಟ್ಟಿದ್ದ. ವಿದ್ವಾಂಸರು ಈ ಬಗ್ಗೆ ಇನ್ನೂ ಚರ್ಚೆ ಮಾಡುತ್ತಾರೆ, ಮಾಡಲಿ. ನೆಲದ ಚಿತ್ತಾರದ ಕತೆಯೂ ಇಂಥದ್ದೇ. 19ನೇ ಶತಮಾನದ ಇಂಗ್ಲಿಷ್ ವಿನ್ಯಾಸಕಾರರಲ್ಲಿ ಓವನ್ ಜೋನ್ಸ್‌ನಂಥವರು ಸ್ಪೇನಿನ ಅಲ್‌ಹಂಬ್ರಾ ಅರಮನೆಯ ಗೋಡೆಗಳ ಮುಂದೆ ಕೂತು ಒಂದೊಂದು ಗೆರೆಯನ್ನೂ ಬರೆದುಕೊಂಡು ಹೋಗಿ ತಮ್ಮ ದೇಶದವರಿಗೆ ಕಲಿಸಿದ್ದರು. ಮೊಸಾಯಿಕ್ ವಿದ್ಯೆ ಬೈಜಾಂಟಿಯಂನ ಕ್ರೈಸ್ತ ಕೆಲಸಗಾರರಿಂದ ಜೆರುಸಲೇಮಿನ ಡೋಮ್ ಆಫ್ ದಿ ರಾಕ್‌ಗೆ, ಡಮಾಸ್ಕಸ್ಸಿನ ದೊಡ್ಡ ಮಸೀದಿಗೆ ಬಂದಿತ್ತು. ಕೊಟ್ಟವರಾರು, ಪಡೆದವರಾರು ಅಂತ ಲೆಕ್ಕ ಹಾಕಲು ಹೊರಟರೆ ಲೆಕ್ಕವೇ ಮುಗಿಯುವುದಿಲ್ಲ.

ಮುಂಬಯಿಯಲ್ಲೇ ಇದಕ್ಕೆ ಇನ್ನೊಂದು ಸಾಕ್ಷಿ ಇದೆ, ಅದೂ ನಮ್ಮ ನಾಡಿನದ್ದು. ಕೊಲಾಬಾದಲ್ಲಿ ಅಪ್ಪಟ ಇಂಗ್ಲಿಷ್ ಚರ್ಚು ಕಟ್ಟಿದ ಅದೇ ಸರಕಾರ 1913ರಲ್ಲಿ ಮುಂಬಯಿಯ ದೊಡ್ಡ ಅಂಚೆ ಕಚೇರಿ ಮುಗಿಸಿತು. ವಾಸ್ತುಶಿಲ್ಪಿ ಜಾನ್ ಬೆಗ್ ಅದರ ಗುಮ್ಮಟಕ್ಕೆ ಮಾದರಿ ತೆಗೆದುಕೊಂಡದ್ದು ಬಿಜಾಪುರದ ಗೋಲ ಗುಮ್ಮಟವನ್ನು. ಮುಹಮ್ಮದ್ ಆದಿಲ್ ಶಾಹನ ಗೋರಿಯ ನೆರಳಲ್ಲಿ ಮುಂಬಯಿಯವರು ಇವತ್ತೂ ಸ್ಟಾಂಪು ಕೊಳ್ಳುತ್ತಾರೆ!

ಇಷ್ಟು ಕಟ್ಟಡದ ಮಾತಾಯಿತು. ಬರೀ ಕಟ್ಟಡ ನೋಡಲು ಇಷ್ಟು ದೂರ ಬರಬೇಕಾಗಿಲ್ಲ. ನಾನು ನಿಮ್ಮನ್ನು ಕರೆದದ್ದು ಗೋಡೆ ಓದಲು.

ಬಲಿಪೀಠದ ಕಡೆ, ಚಾನ್ಸೆಲ್ ಎನ್ನುವ ಭಾಗಕ್ಕೆ ಹೋಗಿ. ಗೋಡೆಯ ಮೇಲೆ ಹೆಸರುಗಳಿವೆ. ಕ್ಯಾಪ್ಟನ್, ಲೆಫ್ಟಿನೆಂಟ್, ಮೇಜರ್. ಎಲ್ಲ ಅಧಿಕಾರಿಗಳು. ಜೊತೆಗೆ ಒಂದು ಶಾಸನವೂ ಇದೆ. ಅದರ ತಾತ್ಪರ್ಯ ಇಷ್ಟು: ಈ ಗೋಡೆಗಳ ಮೇಲೆ ಹೆಸರು ಬರೆದಿರುವ ಅಧಿಕಾರಿಗಳ ನೆನಪಿಗೆ, ಹಾಗೂ ಹೀಗೆ ಬರೆಯಲಾಗದಷ್ಟು ಸಂಖ್ಯೆಯಲ್ಲಿರುವ ಕೆಳದರ್ಜೆಯವರ ಮತ್ತು ಸಾಮಾನ್ಯ ಸೈನಿಕರ ನೆನಪಿಗೆ ಈ ಚರ್ಚು. 1835ರಿಂದ 1843ರವರೆಗೆ ಸಿಂಧ್ ಮತ್ತು ಅಫ್ಘಾನಿಸ್ತಾನದ ದಂಡಯಾತ್ರೆಗಳಲ್ಲಿ ರೋಗದಿಂದಲೋ ಕತ್ತಿಯಿಂದಲೋ ಕರ್ತವ್ಯ ಮರೆಯದೆ ಬಿದ್ದವರು ಇವರು.

ಬರೆಯಲಾಗದಷ್ಟು ಮಂದಿ! ಈ ಒಂದು ಮಾತನ್ನು ಹಿಡಿದುಕೊಂಡು ಆ ಯುದ್ಧಕ್ಕೆ ಹೋಗೋಣ.

1838ರ ಅಕ್ಟೋಬರ್ 1ರಂದು ಗವರ್ನರ್ ಜನರಲ್ ಆಕ್ಲೆಂಡ್ ಸಿಮ್ಲಾದಿಂದ ಒಂದು ಘೋಷಣೆ ಹೊರಡಿಸಿದ. ರಷ್ಯಾ ಮೇಲಿನಿಂದ ಇಳಿದು ಬರುತ್ತದೆ ಎಂಬ ಹೆದರಿಕೆ ಆಗ ಬ್ರಿಟಿಷರಿಗೆ ಜ್ವರದ ಹಾಗೆ ಹಿಡಿದಿತ್ತು. ಕಾಬೂಲಿನ ಅಮೀರ ದೋಸ್ತ್ ಮುಹಮ್ಮದ್ ಖಾನನನ್ನು ಇಳಿಸಿ, ಲೂಧಿಯಾನದಲ್ಲಿ ಕಂಪೆನಿಯ ಪಿಂಚಣಿ ತಿನ್ನುತ್ತಿದ್ದ ಹಳೆಯ ರಾಜ ಶಾ ಶುಜಾನನ್ನು ಕೂರಿಸುವುದು ಯೋಜನೆ. ಬಂಗಾಳದ ಸೈನ್ಯ ಒಂದು ಕಡೆಯಿಂದ ಹೊರಟಿತು. ಬಾಂಬೆ ಸೈನ್ಯ ಸರ್ ಜಾನ್ ಕೀನ್ ಜೊತೆ ಹಡಗು ಹತ್ತಿ ಸಿಂಧ್‌ನಲ್ಲಿ ಇಳಿಯಿತು. ಸಿಂಧ್ ಆಗ ತಾಲ್ಪುರ್ ಮೀರರ ಸ್ವತಂತ್ರ ರಾಜ್ಯ. ಸಿಂಧೂ ನದಿಯಲ್ಲಿ ಯುದ್ಧ ಸಾಮಗ್ರಿ ಸಾಗಿಸುವುದಿಲ್ಲ ಎಂದು ಅವರಿಗೆ ಕಂಪೆನಿ ಒಪ್ಪಂದದಲ್ಲಿ ಮಾತು ಕೊಟ್ಟಿತ್ತು. ಆ ಮಾತು ಹಡಗಿನ ಅಡಿಗೆ ಹೋಯಿತು. 1839ರ ಫೆಬ್ರವರಿಯಲ್ಲಿ ಕರಾಚಿ ಬ್ರಿಟಿಷರ ಕೈಗೆ ಬಂತು. ಬೋಲಾನ್ ಕಣಿವೆ, ಕಂದಹಾರ್ ದಾಟಿ ಜುಲೈ 23ರಂದು ಘಜ್ನಿ ಕೋಟೆ ಬಿತ್ತು, ಆಗಸ್ಟ್‌ನಲ್ಲಿ ಕಾಬೂಲ್. ಹಿಂದಿರುಗುವ ದಾರಿಯಲ್ಲಿ ನವೆಂಬರ್‌ನಲ್ಲಿ ಬಲೂಚಿಸ್ತಾನದ ಕಲಾತ್ ಮೇಲೆ ಬಿದ್ದರು. ಅಲ್ಲಿನ ಖಾನ್ ಮೆಹ್ರಾಬ್ ಖಾನ್ ತನ್ನ ಕೋಟೆಯಲ್ಲೇ ಹೋರಾಡುತ್ತ ಸತ್ತ.

ಇಲ್ಲಿಗೆ ಗೆದ್ದೆವು ಅಂದುಕೊಂಡರು. 1841ರ ನವೆಂಬರ್ 2ರಂದು ಕಾಬೂಲ್ ಎದ್ದಿತು. ಬಾಂಬೆ ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಬರ್ನ್ಸ್‌ನನ್ನು ಅವನ ಮನೆಯಲ್ಲೇ ಕೊಂದರು. ಡಿಸೆಂಬರ್‌ನಲ್ಲಿ ರಾಯಭಾರಿ ಮೆಕ್‌ನಾಟನ್ ಹೋದ. 1842ರ ಜನವರಿ 6ರಂದು ಹಿಮದಲ್ಲಿ ವಾಪಸಾತಿ ಶುರುವಾಯಿತು. ಸೈನಿಕರು ಸುಮಾರು 4,500, ಅವರಲ್ಲಿ ಯುರೋಪಿಯನ್ನರು ಸುಮಾರು 700. ಜೊತೆಗೆ ಅಡಿಗೆಯವರು, ನೀರು ಹೊರುವವರು, ಒಂಟೆ ಕಾಯುವವರು, ಅಗಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 12,000 ಮಂದಿ. ಜನವರಿ 13ರಂದು ಡಾಕ್ಟರ್ ಬ್ರೈಡನ್ ಒಬ್ಬನೇ ಜಲಾಲಾಬಾದ್ ಕೋಟೆಯ ಬಾಗಿಲಿಗೆ ಬಂದು ಮುಟ್ಟಿದ ಅಂತ ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಆ ದಣಿದ ಕುದುರೆಯ ಮೇಲಿನ ಒಂಟಿ ಸವಾರನ ಚಿತ್ರ ಬಹಳ ಪ್ರಸಿದ್ಧವಾಯಿತು.

ಆದರೆ ಲೆಕ್ಕ ಹಾಕಿ ನೋಡಿ. ಹದಿನಾರು ಸಾವಿರಕ್ಕೂ ಹೆಚ್ಚು ಜನರಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಮಂದಿ ಈ ನೆಲದವರು. ಬಿಸಿಲಿನ ಬಯಲು ನಾಡಿನಲ್ಲಿ ಹುಟ್ಟಿ ಹಿಮವನ್ನೇ ಕಾಣದವರು. ಸೆರೆ ಸಿಕ್ಕ ಇಂಗ್ಲಿಷ್ ಅಧಿಕಾರಿಗಳು, ಅವರ ಹೆಂಡತಿ ಮಕ್ಕಳು ಒತ್ತೆಯಾಳುಗಳಾಗಿ ಉಳಿದು ಬಿಡುಗಡೆಯಾದರು. ಸಿಪಾಯಿಗಳಿಗೆ ಒತ್ತೆಯ ಬೆಲೆ ಇರಲಿಲ್ಲ. ಕೆಲವರು ಗುಲಾಮರಾಗಿ ಮಾರಾಟವಾದರು. ಹಿಮದಲ್ಲಿ ಕಾಲು ಬೆರಳು ಕಳೆದುಕೊಂಡು ಕಾಬೂಲಿನ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದವರನ್ನು ಆ ವರ್ಷದ ಶರತ್ಕಾಲದಲ್ಲಿ ಬಂದ ಸೈನ್ಯ ಕಂಡಿತು. ಒಬ್ಬನೇ ಬದುಕಿ ಬಂದ ಎಂಬ ಕತೆಯಲ್ಲಿ ಇವರು ಲೆಕ್ಕಕ್ಕೇ ಇಲ್ಲ.

ಕಾಬೂಲಿನಲ್ಲಿ ಸತ್ತವರ ಸ್ಮಾರಕ ಇದು ಅಂತ ಗೈಡುಗಳು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಮಾತು. ಕಾಬೂಲಿನಿಂದ ಹೊರಟ ಆ ದಂಡು ಹೆಚ್ಚಾಗಿ ಬಂಗಾಳ ಸೈನ್ಯದ್ದು. ಬಾಂಬೆ ಸೈನ್ಯದವರು ಸತ್ತದ್ದು ಮುಖ್ಯವಾಗಿ ಸಿಂಧ್, ಬಲೂಚಿಸ್ತಾನ, ಬೋಲಾನ್, ಕಂದಹಾರ್ ದಾರಿಯಲ್ಲಿ. ಶಾಸನದಲ್ಲಿ ಕತ್ತಿಗಿಂತ ಮೊದಲು ರೋಗದ ಹೆಸರು ಬಂದಿರುವುದು ಸುಮ್ಮನೆ ಅಲ್ಲ. 1840ರ ಆಗಸ್ಟ್ ಕೊನೆಯಲ್ಲಿ ನಫೂಸ್ಕ್ ಕಣಿವೆಯಲ್ಲಿ, ಮರ್ರಿ ಬಲೂಚರು ಮುತ್ತಿಗೆ ಹಾಕಿದ್ದ ಕಾಹನ್ ಕೋಟೆಗೆ ಸಾಮಾನು ಒಯ್ಯುತ್ತಿದ್ದ ಬಾಂಬೆಯ ತುಕಡಿ ಸೋತು ಹಿಂದೆ ಸರಿಯಿತು. ಅಲ್ಲಿ ಶತ್ರುವಿನ ಕತ್ತಿಗೆ ಸಿಗದವರನ್ನು ಬಾಯಾರಿಕೆ ಕೊಂದಿತು. ಯಾರು ಈ ಸಿಪಾಯಿಗಳು? ಕೊಂಕಣದ ಮರಾಠರು, ಮಹಾರರು, ಉತ್ತರದಿಂದ ಬಂದ ಪೂರ್ವಿಯರು, ಮುಸ್ಲಿಮರು, ಬೆನೆ ಇಸ್ರಾಯೇಲ್ ಯಹೂದಿಗಳು. ಮುಸ್ಲಿಂ ಸಿಪಾಯಿ ಮುಸ್ಲಿಂ ಬಲೂಚಿಯ ಮೇಲೆ ಗುಂಡು ಹಾರಿಸಿದ, ತಿಂಗಳ ಸಂಬಳಕ್ಕೆ. ಸಾಮ್ರಾಜ್ಯದ ಯುದ್ಧವನ್ನು ಧರ್ಮದ ಯುದ್ಧ ಅಂತ ಓದಲು ಹೊರಟವರು ಇಲ್ಲಿ ಎಡವುತ್ತಾರೆ.

ಈಗ ಗೋಡೆಯ ಮಾತಿಗೆ ಮರಳಿ. ಬರೆಯಲಾಗದಷ್ಟು ಮಂದಿ ಇದ್ದದ್ದು ನಿಜ. ಆದರೆ ಅದೊಂದೇ ಕಾರಣವೇ? ಸೈನ್ಯಕ್ಕೆ ಪ್ರತಿ ಸಿಪಾಯಿಯ ಹೆಸರೂ ಗೊತ್ತಿತ್ತು. ಇಲ್ಲದಿದ್ದರೆ ಸಂಬಳ ಹೇಗೆ ಕೊಡುತ್ತಿದ್ದರು? ಇದಕ್ಕಿಂತ ದೊಡ್ಡ ಸಾಕ್ಷಿ ಪುಣೆಯ ಹತ್ತಿರ ಇದೆ. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಪೇಶ್ವೆಯ ಸೈನ್ಯದೊಂದಿಗೆ ಹೋರಾಡಿದ್ದೂ ಇದೇ ಬಾಂಬೆ ಸೈನ್ಯದ ತುಕಡಿ. ಅಲ್ಲಿ ಕಂಪೆನಿ ನಿಲ್ಲಿಸಿದ ಕಂಬದ ಮೇಲೆ ಸತ್ತ ಸಿಪಾಯಿಗಳ 49 ಹೆಸರುಗಳಿವೆ, ಇಂಗ್ಲಿಷಿನಲ್ಲೂ ಮರಾಠಿಯಲ್ಲೂ. ಅವರಲ್ಲಿ 22 ಮಂದಿ ಮಹಾರರು, ಉಳಿದವರಲ್ಲಿ ಮರಾಠರು, ರಜಪೂತರು, ಮುಸ್ಲಿಮರು, ಯಹೂದಿ. ಅಂದರೆ ಬಾಂಬೆ ಸೈನ್ಯಕ್ಕೆ ಸಿಪಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆಯುವುದು ಗೊತ್ತಿತ್ತು. ಮನಸ್ಸಿದ್ದಾಗ ಬರೆಯಿತು.

ಕಲ್ಲಿನ ಮೇಲೆ ಹೆಸರಿದ್ದರೆ ಏನಾಗುತ್ತದೆ ಎಂದು ಕೇಳುವವರು ಆ ಕಂಬವನ್ನೇ ನೋಡಬೇಕು. 1927ರ ಜನವರಿ 1ರಂದು ಡಾ. ಅಂಬೇಡ್ಕರ್ ಅಲ್ಲಿಗೆ ಹೋದರು. ಅಸ್ಪೃಶ್ಯರೆಂದು ದೂರ ಇಟ್ಟ ಜನರ ಹಿರಿಯರು ಶೂರರಾಗಿದ್ದರು ಎಂದು ಹೇಳಲು ಅವರಿಗೆ ಬೇರೆ ಸಾಕ್ಷಿ ಹುಡುಕಬೇಕಾಗಲಿಲ್ಲ. ಹೆಸರುಗಳು ಎದುರಿಗೇ ಇದ್ದವು. ಪ್ರತಿ ವರ್ಷ ಲಕ್ಷಾಂತರ ಜನ ಈಗಲೂ ಅಲ್ಲಿಗೆ ಹೋಗುತ್ತಾರೆ. ಕೊಲಾಬಾದ ಗೋಡೆ ಯಾವ ಸಿಪಾಯಿಯ ಮೊಮ್ಮಗನಿಗೂ ಅಂಥ ಅವಕಾಶ ಕೊಡಲಿಲ್ಲ. ಹೆಸರು ಬರೆಯುವುದು ಎಂದರೆ ಮುಂದಿನವರಿಗೆ ನಿಲ್ಲಲು ಒಂದು ಅಡಿ ಜಾಗ ಕೊಡುವುದು.

ಗೋಡೆಯಲ್ಲಿ ಇಲ್ಲದವರು ಇನ್ನೂ ಇದ್ದಾರೆ. ಎದುರು ಪಕ್ಷದವರು. ಯಾವ ಸೈನ್ಯವೂ ಶತ್ರುವಿನ ಹೆಸರನ್ನು ತನ್ನ ಚರ್ಚಿನಲ್ಲಿ ಬರೆಯುವುದಿಲ್ಲ, ಅದಕ್ಕೆ ದೂರುವುದು ಸರಿಯಲ್ಲ. ಆದರೆ ಓದುವ ನಾವು ಅವರನ್ನು ಮರೆಯಬೇಕಾಗಿಲ್ಲ. 1842ರ ಶರತ್ಕಾಲದಲ್ಲಿ ಸೇಡು ತೀರಿಸಲು ಹೋದ ಬ್ರಿಟಿಷ್ ಸೈನ್ಯ ಕಾಬೂಲಿನ ದೊಡ್ಡ ಮುಚ್ಚಿದ ಬಜಾರು ಚಾರ್ ಛತ್ತಾವನ್ನು ಸಿಡಿಸಿ ಕೆಡವಿತು. ಶಾಹಜಹಾನನ ಕಾಲದಲ್ಲಿ ಅಲಿ ಮರ್ದಾನ್ ಖಾನ್ ಕಟ್ಟಿಸಿದ್ದು ಅದು. ಹತ್ತಿರದ ಇಸ್ತಾಲಿಫ್ ಎಂಬ ಊರೂ ಹಾಳಾಯಿತು. ಒಂದು ಯುದ್ಧದ ನೆನಪಿಗೆ ಮುಂಬಯಿಯಲ್ಲಿ ಒಂದು ಸುಂದರ ಕಟ್ಟಡ ಎದ್ದಿತು. ಅದೇ ಯುದ್ಧ ಕಾಬೂಲಿನ ಒಂದು ಸುಂದರ ಕಟ್ಟಡವನ್ನು ನುಂಗಿತು. ಕೊಲಾಬಾದ ನೆಲದ ಚಿತ್ತಾರ ನೋಡುವಾಗ ಇದೂ ನೆನಪಿರಲಿ. ಯುದ್ಧದ ಫಲ ಏನು? 1843ರಲ್ಲಿ ದೋಸ್ತ್ ಮುಹಮ್ಮದ್ ಖಾನನೇ ಮರಳಿ ಬಂದು ಗದ್ದುಗೆ ಏರಿದ. ಯಾರನ್ನು ಇಳಿಸಲು ಹೋದರೋ ಅವನೇ.

ಸೋತ ಸಿಟ್ಟಿಗೆ ಸಿಂಧ್ ಬಲಿಯಾಯಿತು. 1843ರ ಫೆಬ್ರವರಿ 17ರಂದು ಮಿಯಾನಿಯಲ್ಲಿ ಚಾರ್ಲ್ಸ್ ನೇಪಿಯರ್ ತಾಲ್ಪುರ್ ಮೀರರನ್ನು ಸೋಲಿಸಿದ. ಸಿಂಧನ್ನು ಹಿಡಿಯಲು ತಮಗೆ ಹಕ್ಕಿಲ್ಲ, ಆದರೂ ಹಿಡಿಯುತ್ತೇವೆ ಎಂದು ಅವನೇ ದಿನಚರಿಯಲ್ಲಿ ಒಪ್ಪಿಕೊಂಡಿದ್ದ. ಅವನ ಬಳಿ ಇದ್ದ ಯುರೋಪಿಯನ್ ಕಾಲಾಳು ಪಡೆ ಒಂದೇ, ಉಳಿದವು ಬಾಂಬೆಯ ಸಿಪಾಯಿ ಪಡೆಗಳು. ಮಾರ್ಚ್ 24ರಂದು ದುಬ್ಬೋ ಎಂಬಲ್ಲಿ ಕೊನೆಯ ಹೋರಾಟ. ಅಲ್ಲಿ ಸತ್ತ ಸಿಂಧಿ ದಳಪತಿಯ ಹೆಸರು ಹೋಶ್ ಮುಹಮ್ಮದ್ ಶೀದಿ. ಶೀದಿ ಅಂದರೆ ಯಾರು ಗೊತ್ತೇ? ಆಫ್ರಿಕಾ ಮೂಲದವರು, ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿಗಳ ದೂರದ ನೆಂಟರು. ಸತ್ತರೂ ಸಿಂಧ್ ಕೊಡೆ ಎಂದ ವೀರ ಅಂತ ಸಿಂಧಿಗಳು ಅವನನ್ನು ಇಂದಿಗೂ ನೆನೆಯುತ್ತಾರೆ. ಸೋತ ಮೀರರನ್ನು ಬಂಧಿಗಳಾಗಿ ಹಡಗಿನಲ್ಲಿ ಮುಂಬಯಿಗೆ ತಂದರು, ಆಮೇಲೆ ಪುಣೆಗೆ, ಕಲ್ಕತ್ತೆಗೆ ಕಳಿಸಿದರು. ಅವರು ಬಂದ ಬಂದರಿನ ದಂಡೆಯಲ್ಲೇ ನಾಲ್ಕು ವರ್ಷದ ನಂತರ ಈ ಚರ್ಚಿಗೆ ಅಸ್ತಿವಾರ ಬಿತ್ತು.

ಇದೆಲ್ಲ ಎಲ್ಲಿಯದೋ ದೂರದ ಕತೆ, ಕನ್ನಡಿಗರಿಗೆ ಏನು ಸಂಬಂಧ ಅಂತ ಕೇಳಬೇಡಿ. 1847ರಲ್ಲಿ ಸಿಂಧನ್ನು ಬಾಂಬೆ ಪ್ರೆಸಿಡೆನ್ಸಿಗೆ ಸೇರಿಸಿದರು. ಧಾರವಾಡ, ಬೆಳಗಾವಿ ಅದಾಗಲೇ ಅದರಲ್ಲಿದ್ದವು. 1862ರಲ್ಲಿ ಉತ್ತರ ಕನ್ನಡ ಬಂದು ಸೇರಿತು. 1936ರ ಏಪ್ರಿಲ್ 1ರಂದು ಸಿಂಧ್ ಬೇರೆಯಾಗುವವರೆಗೆ ಕರಾಚಿಯವನೂ ಧಾರವಾಡದವನೂ ಒಂದೇ ಪ್ರೆಸಿಡೆನ್ಸಿಯ ಪ್ರಜೆಗಳು. ಇಬ್ಬರ ಅರ್ಜಿಯೂ ಮುಂಬಯಿಗೇ ಹೋಗುತ್ತಿತ್ತು.

ಇನ್ನೊಂದು ತಾರೀಖು ನೋಡಿ. ಚರ್ಚು ಪ್ರತಿಷ್ಠೆಯಾದದ್ದು 7 ಜನವರಿ 1858. ಅದಕ್ಕೆ 20 ದಿನ ಆದ ಮೇಲೆ ದೆಹಲಿಯಲ್ಲಿ ಬಹಾದ್ದೂರ್ ಶಾ ಜಫರ್ ಮೇಲೆ ವಿಚಾರಣೆ ಶುರುವಾಯಿತು. ಅದಕ್ಕೆ ಎರಡು ತಿಂಗಳ ಹಿಂದೆ, 1857ರ ನವೆಂಬರ್‌ನಲ್ಲಿ, ಆಯುಧ ಒಪ್ಪಿಸಲಾರೆವು ಎಂದ ಹಲಗಲಿಯ ಬೇಡರ ಮೇಲೆ ಬ್ರಿಟಿಷ್ ದಂಡು ಬಿದ್ದಿತ್ತು. ಊರು ಸುಟ್ಟಿತು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಅವರಿಗೆ ಆಗ ಯಾರೂ ಕಲ್ಲು ನೆಡಲಿಲ್ಲ, ಗೋಪುರ ಕಟ್ಟಲಿಲ್ಲ. ಆದರೂ ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ನಮಗೆ ಗೊತ್ತು. ಹೇಗೆ? ಲಾವಣಿ ಹಾಡುವವರು ಇಟ್ಟುಕೊಂಡರು. ಸಿಂಧಿಗಳು ಹೋಶ್ ಮುಹಮ್ಮದನನ್ನು ಇಟ್ಟುಕೊಂಡ ಹಾಗೆ. ಗೋಡೆ ಬಿಟ್ಟದ್ದನ್ನು ಬಾಯಿ ಉಳಿಸುತ್ತದೆ. ಆದರೆ ಊರು ಬಿಟ್ಟು ಸಂಬಳಕ್ಕೆ ಹೋಗಿ ಬೋಲಾನ್ ಕಣಿವೆಯಲ್ಲಿ ಬಾಯಾರಿ ಸತ್ತ ಸಿಪಾಯಿಗೆ ಗೋಡೆಯೂ ಇಲ್ಲ, ಲಾವಣಿಯೂ ಇಲ್ಲ. ನೀರು ಹೊರುವ ಭಿಸ್ತಿಗಂತೂ ಶಾಸನದ ಆ 'ಬರೆಯಲಾಗದಷ್ಟು' ಎಂಬ ಪದದಲ್ಲೂ ಜಾಗವಿಲ್ಲ, ಯಾಕೆಂದರೆ ಅವನು ಸೈನಿಕನೇ ಅಲ್ಲ.

ಈ ಯುದ್ಧ ನಮಗೆ ಇನ್ನೊಂದು ವಸ್ತುವನ್ನೂ ಬಿಟ್ಟು ಹೋಗಿದೆ. ಅದನ್ನು ಹೇಳದೆ ಈ ಬರಹ ಪೂರ್ತಿಯಾಗುವುದಿಲ್ಲ. 1842ರಲ್ಲಿ ಘಜ್ನಿಯಿಂದ ವಾಪಸು ಬರುವಾಗ ಜನರಲ್ ನಾಟ್‌ನ ಸೈನ್ಯ ಮಹಮೂದ್ ಘಜ್ನಿಯ ಗೋರಿಯ ಬಾಗಿಲುಗಳನ್ನು ಕಿತ್ತು ತಂದಿತು. ಹೊಸ ಗವರ್ನರ್ ಜನರಲ್ ಎಲೆನ್‌ಬರೋ ನವೆಂಬರ್‌ನಲ್ಲಿ ದೊಡ್ಡ ಘೋಷಣೆ ಹೊರಡಿಸಿದ. ಇವು ಸೋಮನಾಥದ ಬಾಗಿಲುಗಳು, 800 ವರ್ಷದ ಅವಮಾನಕ್ಕೆ ನಾವು ಸೇಡು ತೀರಿಸಿದ್ದೇವೆ ಎಂಬುದು ಅದರ ಸಾರ. ಸೋತ ಯುದ್ಧದ ಮೇಲೆ ಹೊದಿಸಲು ಒಂದು ಬಣ್ಣದ ಶಾಲು ಬೇಕಿತ್ತು, ಹೊದಿಸಿದ. ಆಮೇಲೆ ನೋಡಿದರೆ ಬಾಗಿಲು ಗಂಧದ ಮರದ್ದಲ್ಲ, ದೇವದಾರು. ಕೆತ್ತನೆ ಗುಜರಾತಿನದ್ದಲ್ಲ, ಘಜ್ನಿ ಕಡೆಯದ್ದೇ. 1843ರ ಮಾರ್ಚ್‌ನಲ್ಲಿ ಲಂಡನ್ನಿನ ಸಂಸತ್ತಿನಲ್ಲಿ ಮೆಕಾಲೆಯೇ ಎದ್ದು ಈ ಘೋಷಣೆಯನ್ನು ಕಟುವಾಗಿ ಟೀಕಿಸಿದ. ಬಾಗಿಲುಗಳು ಸೋಮನಾಥಕ್ಕೆ ಹೋಗಲೇ ಇಲ್ಲ, ಆಗ್ರಾ ಕೋಟೆಯಲ್ಲಿ ಉಳಿದವು. ಆದರೆ ಆ ಘೋಷಣೆ ಬಿತ್ತಿದ್ದು ಮಾತ್ರ ಉಳಿಯಿತು. ಹಿಂದೂಗಳ ಹಳೆಯ ಗಾಯಕ್ಕೆ ಬ್ರಿಟಿಷರು ಮುಲಾಮು, ಮುಸ್ಲಿಮರು ಆ ಗಾಯ ಮಾಡಿದವರು ಎಂಬ ಪಾಠ. ಆ ಯುದ್ಧದಲ್ಲಿ ಅದೇ ಹಿಂದೂ ಮುಸ್ಲಿಂ ಸಿಪಾಯಿಗಳು ಒಂದೇ ಹಿಮದಲ್ಲಿ ಸತ್ತಿದ್ದರು. ಅವರ ಹೆಸರುಗಳನ್ನು ಬರೆದಿದ್ದರೆ ಪಕ್ಕಪಕ್ಕದಲ್ಲೇ ಬರೆಯಬೇಕಾಗುತ್ತಿತ್ತು. ಹೆಸರು ಬರೆಯಲಿಲ್ಲ, ಸುಳ್ಳು ಬಾಗಿಲು ಮೆರವಣಿಗೆ ಮಾಡಿದರು. ಇವತ್ತು ಇತಿಹಾಸದ ಹೆಸರಲ್ಲಿ ನಮ್ಮ ವಾಟ್ಸಾಪುಗಳಿಗೆ ಬರುವ ಎಷ್ಟೋ ಸಂಗತಿಗಳನ್ನು ಓದುವಾಗ ಆಗ್ರಾದ ಆ ದೇವದಾರು ಬಾಗಿಲು ನೆನಪಿಗೆ ಬಂದರೆ ಒಳ್ಳೆಯದು.

ಹಾಗಾದರೆ ಈ ಚರ್ಚನ್ನು ಸಿಟ್ಟಿನಿಂದ ನೋಡಬೇಕೇ? ಬೇಡ. ಇವತ್ತು ಅದು ಆಕ್ಲೆಂಡನದ್ದೂ ಅಲ್ಲ, ಎಲೆನ್‌ಬರೋನದ್ದೂ ಅಲ್ಲ. ಮುಂಬಯಿಯ ಕ್ರೈಸ್ತ ಬಂಧುಗಳು ಪ್ರಾರ್ಥನೆ ಮಾಡುವ ಜಾಗ. ಅದನ್ನು ಕಟ್ಟಿದ ಕೈಗಳು ನಮ್ಮವರದ್ದು. ಗೋಡೆಯ ಮೇಲಿನ ಹೆಸರುಗಳಲ್ಲೂ ಅನೇಕರು ಇಪ್ಪತ್ತರ ಹುಡುಗರು, ಮೇಲಿನವರ ತಪ್ಪು ಲೆಕ್ಕಕ್ಕೆ ಸತ್ತವರು. ಪ್ರವಾದಿಯವರ ಮುಂದೆ ಒಮ್ಮೆ ಒಬ್ಬ ಯಹೂದಿಯ ಶವಯಾತ್ರೆ ಹೋಯಿತು. ಅವರು ಎದ್ದು ನಿಂತರು. ಅದು ಯಹೂದಿಯದ್ದಲ್ಲವೇ ಎಂದು ಜೊತೆಗಿದ್ದವರು ಕೇಳಿದಾಗ, ಅದೂ ಒಂದು ಜೀವವಲ್ಲವೇ ಎಂದು ಮರುಪ್ರಶ್ನೆ ಹಾಕಿದರು. ಬುಖಾರಿಯಲ್ಲಿ ಇರುವ ಈ ಹದೀಸ್ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಆ ಗೋಡೆಯ ಮುಂದೆ ನಿಲ್ಲಲು ಅಷ್ಟು ಸಾಕು.

ಹೋದಾಗ ಪ್ರಾರ್ಥನೆಯ ಹೊತ್ತಾಗಿದ್ದರೆ ಹೊರಗೆ ಕಾಯಿರಿ. ಒಳಗೆ ದನಿ ತಗ್ಗಿಸಿ. ಮಕ್ಕಳನ್ನು ಕರೆದುಕೊಂಡು ಹೋದರೆ ಬಣ್ಣದ ಗಾಜು ತೋರಿಸಿ, ನೆಲದ ತ್ರಿಕೋನಗಳನ್ನು ಎಣಿಸಲು ಹೇಳಿ. ಆಮೇಲೆ ಚಾನ್ಸೆಲ್‌ನ ಶಾಸನ ಓದಿಸಿ, ಈ ಗೋಡೆಯಲ್ಲಿ ಯಾರ ಹೆಸರು ಇಲ್ಲ ಎಂದು ಅವರನ್ನೇ ಕೇಳಿ. ಸ್ವಲ್ಪ ಯೋಚಿಸಿ ಅವರೇ ಹೇಳುತ್ತಾರೆ. ಅಲ್ಲಿಂದ ಪುಣೆಯ ಕಡೆ ಹೋಗುವವರಿದ್ದರೆ ಕೋರೆಗಾಂವ್‌ನ ಕಂಬವನ್ನೂ ತೋರಿಸಿ ಬನ್ನಿ.